ಬುಟ್ಟಿಯೊಳಗ ಜಾಗಾ

ಪವಿತ್ರ ಶನಿವಾರ. ಮಧ್ಯಾಹ್ನ ಮೂರರ ಬಿಸಿಲು.
ದುರ್ಗದಬೈಲಿನ ಸಂದಿಯೊಳಗ ನಿಂತೀನಿ,
ಸೆರಗಿನ ಗಂಟಿನಾಗ ಮುನ್ನೂರು ರೂಪಾಯಿ.
ಅಂಗಡಿ ತುಂಬ ಜೋತುಬಿದ್ದಾವ
ಕೀಲಿ ಕೊಟ್ಟರ ಕುಣಿಯೋ ಮೊಲ,
ಒತ್ತಿದರ ಅಳೋ ಗೊಂಬಿ.
"ತಗೊಳ್ರೀ ಅಕ್ಕಾರ, ನಿಮ್ಮ ಹಬ್ಬಕ್ಕಂತನ ಬಂದೈತಿ ಮಾಲು"
ಅಂತಾನ ಬಾಬಾಜಾನ,
ಯಾವ ಹಬ್ಬ ಅಂತ ಕೇಳಿದರ ನಗತಾನ.

ಮೂಲ್ಯಾಗ ಒಂದು ರಟ್ಟಿನ ಡಬ್ಬಿ.
ಗುಲಾಬಿ, ಹಸಿರು, ನೇರಳಿ ಬಣ್ಣದಾಗ ಅದ್ದಿದ ಕೋಳಿಮರಿ
ಒಂದರ ಮ್ಯಾಲೊಂದು ಹತ್ತಿ ಚೀಂವ್ ಚೀಂವ್ ಅಂತಾವ.
ಹೋದ ವರ್ಷ ಒಂದು ಒಯ್ದಿದ್ದೆ.
ಭಾನುವಾರ ಬುಟ್ಟಿಯೊಳಗಿತ್ತು, ಮಂಗಳವಾರ ಮಣ್ಣಾಗ.
ಇನ್ನಾಸಿ ಬಾಯಿ ಬಿಡದ ಕಾದ.
ಮೂರನೇ ದಿನ ಕರಿಬೇವಿನ ಬುಡಾ ಕೆದರಿ ನೋಡಿ
"ಅವ್ವಾ, ಇದು ಏಳಲಿಲ್ಲಲ್ಲಾ?" ಅಂದ.
ಭಾನುವಾರದ ಧರ್ಮೋಪದೇಶದಾಗ ಅದಕ್ಕ ಉತ್ತರ ಇರಲಿಲ್ಲ.
ನನ್ನ ಹಂತ್ಯಾಕೂ.

ರೇಲ್ವೆ ಕ್ವಾರ್ಟರ್ಸು ನಮ್ಮದು, ಎರಡು ಖೋಲಿ.
ಮಂಚದ ಕೆಳಗಿನ ಟ್ರಂಕಿನಾಗ
ಐದು ವರ್ಷದ ಪಾಸ್ಖ ಹಬ್ಬ ಮಲಗ್ಯಾವ:
ಗಾಲಿ ಇಲ್ಲದ ಜೀಪು, ಕಿವಿ ಹರಿದ ಮೊಲ,
ಒಂದs ರೆಕ್ಕಿಯ ಪ್ಲಾಸ್ಟಿಕ್ ದೇವದೂತ.
ತಪಸ್ಸುಕಾಲದಾಗ ಕಸಾ ಹೊಡೀಲಿಕ್ಕೆ ಟ್ರಂಕು ಜಗ್ಗಿದರ
ಒಳಗ ಕತ್ತಲಾಗ ಯಾವುದೋ ಗೊಂಬಿ
ತಾನಾಗೇ ಅರ್ಧ ಪದಾ ಹಾಡಿ ಸುಮ್ಮನಾತು.
ಹೆದರಿ ಶಿಲುಬಿ ಗುರ್ತು ಹಾಕ್ಕೊಂಡೆ.
ಮುಚ್ಚಳ ಮುಚ್ಚೂದs ಕಷ್ಟಾತು.

"ಇವತ್ತು ಬ್ಯಾಡಪಾ" ಅಂದೆ ಬಾಬಾಜಾನಗ.
ಮೇದಾರ ಓಣಿಗೆ ಹೋದೆ.
"ಎಷ್ಟು ದೊಡ್ಡದಬೇ ಬುಟ್ಟಿ?" ಅಂದ್ಲು ಹುಲಿಗೆವ್ವ.
"ಒಂದು ರೊಟ್ಟಿ ಹಿಡಿಯುವಷ್ಟು. ಎರಡು ಕೊಡು."
"ಅಷ್ಟರಾಗ ಏನಿಡತಿ?"
ಅದನ್ನs ನಾನೂ ದಾರಿಯುದ್ದಕ್ಕೂ ಕೇಳಿಕೋತ ಬಂದೆ.

ಜೆಸಿಂತಾಗ ಈ ವರ್ಷ ಮೊದಲ ಪರಮಪ್ರಸಾದ.
ಅವಳ ಬುಟ್ಟಿಗೆ ಅತ್ತಿ ಲೂರ್ದವ್ವನ ಜಪಸರ.
ನಾಲ್ಕು ಮಣಿ ಕಳದಾವ, ದಾರ ಹರಿದೈತಿ.
ಹೊಸ ದಾರ ಬಾಜೂಕಿಟ್ಟು ಚೀಟಿ ಬರದೆ:
ನೀನs ಪೋಣಸು. ಮಣಿ ಇಲ್ಲದಲ್ಲಿ ಗಂಟು ಹಾಕು.
ಗಂಟಿನ ಮ್ಯಾಲೂ ಜಪಾ ನಡಿತೈತಿ.

ಇನ್ನಾಸಿಗೆ ಅವರಪ್ಪ
ಮುರುಕು ಸೌಟು ತಟ್ಟಿ, ಅಂಚು ಮಸೆದು
ಅಂಗೈಯಷ್ಟು ಖುರ್ಪಿ ಮಾಡಿಕೊಟ್ಟಾನ.
ಅದರ ಜೋಡಿ ಏನಿಡೂದು ಅಂತ ಬಾಳೊತ್ತು ಕೂತೆ.
ಕಡೀಕ ಡಬ್ಬಿ ತಗದು ಏಳು ಅಲಸಂದಿ ಕಾಳು.
ಉಳ್ಳಾಗಡ್ಡಿ ಸಿಪ್ಪಿ ಹಾಕಿ ಕುದಿಸಿದ ಕೆಂಪು ತತ್ತಿ, ಇಬ್ಬರಿಗೂ ಒಂದೊಂದು.
ಮುಗೀತು.

ರಾತ್ರಿ ಕೇಶ್ವಾಪುರದ ಚರ್ಚಿನಾಗ
ದೀಪಾ ಎಲ್ಲಾ ಆರಿಸಿ ಹೊಸ ಬೆಂಕಿ ಹೊತ್ತಿಸಿದರು.
ಮೇಣ ಕೈಗೆ ಬಿದ್ದರೂ ಬತ್ತಿ ಬಿಡಲಿಲ್ಲ ಜೆಸಿಂತಾ.
ಉಳಿದ ತುಂಡು ತಾನs ತಂದು ಬುಟ್ಟ್ಯಾಗಿಟ್ಟಳು.

ಮುಂಜಾನೆ ಇನ್ನಾಸಿ
ಬುಟ್ಟಿ ಬೋರಲು ಹಾಕಿ ಬಡಿದು ನೋಡಿದ.
"ಇಷ್ಟನಾ?"
ಅದs ಹೊತ್ತಿಗೆ ಬಾಜೂ ಮನಿ ಡೆನ್ಜಿಲನ ರಿಮೋಟ್ ಕಾರು
ನಮ್ಮ ಹೊಚ್ಚಲದ ಮುಂದ ಗುಂಯ್ ಅಂತ ಹಾದುಹೋತು.
ಗಂಟಿನಾಗ ಉಳಿದಿದ್ದ ನೂರಾ ಎಂಬತ್ತು ರೂಪಾಯಿ
ಸೊಂಟಕ್ಕ ಚುಚ್ಚಿತು.
ದಿನಾಪೂರ್ತಿ ಅಂವಾ ಮಾತಾಡಲಿಲ್ಲ.
ಸಂಜೀಕ ನಾನು ಕರೀದs
ಖುರ್ಪಿ ಹಿಡಕೊಂಡು ಕರಿಬೇವಿನ ಬುಡಕ್ಕ ಹೋದ.
ಎಲ್ಲಿ ಅಗದನೋ, ಅದs ಜಾಗಾ.

ಬುಧವಾರ. ಭಾಂಡಿ ತಿಕ್ಕಲಿಕ್ಕೆ ಕೂತಿದ್ದೆ.
"ಅವ್ವಾ! ಅವ್ವಾ! ಬಾಲ ಬಂದೈತಿ!"
ಓಡಿ ಹೋದರ ಮಣ್ಣುಗೈಯಾಗ ಒಂದು ಕಾಳು,
ಒಡದ ಸಿಪ್ಪಿ, ಹೊರಗ ಇಣುಕಿದ ಬಿಳೀ ಎಳಿ.
"ಮುಚ್ಚೋ," ಅಂದೆ, "ಲಗೂನ ಮುಚ್ಚು,
ಗಾಳಿ ತಾಕೀತು."