ನಾಲ್ಕನೇ ಕಾಲಂ

ಫಾರಮ್ಮಿನ ನಾಲ್ಕನೇ ಕಾಲಮ್ಮಿಗೆ ಒಂದೇ ಪದ: ಚಾರ್ಡ್.
ಸುಲ್ತಾನಪೇಟೆಯ ಗಲ್ಲಿ. ಬೆಂಕಿ ಆರಿ ಎರಡು ದಿನ,
ಬೈಂಡಿಂಗ್ ಅಂಗಡಿಯ ನೆಲದಲ್ಲಿ ಇನ್ನೂ ಕರಿನೀರು.
"ಎಷ್ಟು ಚಾರ್ಜು?" ಅಂದರು ಬಾಸಿತ್ ಸಾಬರು.
ಚಾರ್ಜಲ್ಲ ಸಾಬ್ರೇ, ಚಾರ್ಡ್.
"ಹಂಗಂದ್ರೆ ಕನ್ನಡದಲ್ಲಿ?"

ಹನ್ನೊಂದು ವರ್ಷದಿಂದ ವಿಮೆ ಸರ್ವೆ ಮಾಡುತ್ತ
ಈ ಪದಕ್ಕೇ ಎಷ್ಟೋ ಪೆನ್ನು ಸವೆಸಿದ್ದೇನೆ.
ಯಾರೂ ಕೇಳಿರಲಿಲ್ಲ.

ಸುಟ್ಟದ್ದು ಅನ್ನೋಣವೆಂದರೆ ಅದಕ್ಕೆ ಒಂದನೇ ಕಾಲಂ ಇದೆ,
ಅಲ್ಲಿ ಬೂದಿಗೆ ಪೂರ್ತಿ ದುಡ್ಡು.
ಸೀದದ್ದು ಅಂದರೆ ಅಮ್ಮನ ಪಾತ್ರೆಯ ತಳ,
ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬಿಡುವಂಥದ್ದು.
ಕಮರಿದ್ದು ಒಗ್ಗರಣೆ, ಕೆಲವೊಮ್ಮೆ ಆಸೆ.
ಬೆಂದದ್ದು ಅಂದರೆ ಎಲೆ ಹಾಕಿಬಿಡುತ್ತಾರೆ.
"ಕರಕಲು," ಅಂದೆ ಕೊನೆಗೆ.
ಸಾಬರು ಅದನ್ನು ಬಾಯೊಳಗೆ ಹೊರಳಿಸಿದರು,
ಹಲ್ಲಿಗೆ ಅಡಿಕೆ ಚೂರು ಸಿಕ್ಕಂತೆ.
"ಕರಕಲು ಅಂದ್ರೆ ಮುಗೀತಲ್ವಾ ಮೇಡಂ.
ಇದು ಮುಗಿದಿಲ್ಲ."

ನಿನ್ನೆ ರಾತ್ರಿ ಇಂದಿರಾನಗರದಲ್ಲಿ ಆಫೀಸಿನ ಪಾರ್ಟಿ.
ಮೆನುವಿನಲ್ಲಿ ಅದೇ ಪದ, ಬ್ರೊಕೋಲಿಯ ಹಿಂದೆ,
ನಾನೂರ ಎಂಬತ್ತು ರೂಪಾಯಿ, ಜಿಎಸ್‌ಟಿ ಬೇರೆ.
ಪೇಟೆಯಲ್ಲಿ ಬೆಲೆ ಇಳಿಸುವ ಮಾತು
ಏಳು ಕಿಲೋಮೀಟರ್ ದಾಟಿದರೆ ಏರಿಸುತ್ತದೆ.
ಎಲ್ಲರೂ ಫೋಟೋ ತೆಗೆದರು.
ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ.

ಸಾಬರು ರಾಶಿಯಿಂದ ಒಂದು ಹಾಜರಿ ಪುಸ್ತಕ ಎಳೆದರು.
ಮುಚ್ಚಿದ ಪುಸ್ತಕ ಅಷ್ಟು ಸುಲಭಕ್ಕೆ ಉರಿಯುವುದಿಲ್ಲ,
ಹಾಳೆಗೆ ಹಾಳೆ ಒತ್ತಿಕೊಂಡು
ಬೆಂಕಿಗೆ ಉಸಿರು ಕೊಡದೆ ಕೂತಿರುತ್ತದೆ.
ಅಂಚು ಮಾತ್ರ ಕಪ್ಪು, ಮುಟ್ಟಿದರೆ ಬೆರಳಿಗೆ ಕಾಡಿಗೆ.
ಕಟಿಂಗ್ ಮಿಷನ್ನಿನ ಹಿಡಿಯ ಮರ ಹೋಗಿತ್ತು.
ಉಳಿದ ಕಬ್ಬಿಣಕ್ಕೆ ಗೋಣಿ ಸುತ್ತಿ
ಮೈಭಾರವನ್ನೆಲ್ಲ ಬಿಟ್ಟು ಒತ್ತಿದರು.
ಮುಕ್ಕಾಲು ಇಂಚು ಕತ್ತಲು ಉದುರಿ ಬಿತ್ತು.

ಒಳಗೆ ಬಿಳಿ. ಗೆರೆ ಸಮೇತ.
ಸೋಮವಾರ, ಮಂಗಳವಾರ, ಬುಧ, ಗುರು, ಶುಕ್ರ.
ಶನಿವಾರ ಮಾತ್ರ ಇರಲಿಲ್ಲ.
"ಶನಿವಾರ ಹೆಂಗೂ ಅರ್ಧ ದಿನ," ಅಂದರು.
ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ.

ನಾಲ್ಕನೇ ಕಾಲಮ್ಮಿನಲ್ಲಿ ಮುನ್ನೂರ ಹನ್ನೆರಡು ಅಂತ ಬರೆದೆ.
ಪಕ್ಕದಲ್ಲಿ, ಷರಾ ಬರೆಯುವ ಜಾಗದಲ್ಲಿ,
ಆಗಲೇ ಒಂದು ಹೆಬ್ಬೆರಳು ಬಿದ್ದಿತ್ತು,
ಅವರದೋ ನನ್ನದೋ.
ಒರೆಸಲು ಹೋದೆ,
ಹರಡಿತು.