ಏಳನೆಯದು

ಮಂಗಳವಾರ ಬಂತು, ತಾವ್ನೋ, ನಿನ್ನ ಎಡತೋಳಿನ ಚರ್ಮ,
ಗುರುವಾರದ ಸಾರಿನ ಬಟಾಣಿಯ ಅರ್ಧದಷ್ಟು.
ಶೀಶೆಯ ಮೇಲೆ ಹೆಸರಿಲ್ಲ, ಬರೀ ನಂಬರು.
ಆದರೂ ತಿಳಿಯಿತು:
ನಮ್ಮ ಕಡೆಯಿಂದ ಆ ವಾರ ಬಂದದ್ದು ಅದೊಂದೇ.

ತುರ್ಕುವಿನ ಈ ನೆಲಮಾಳಿಗೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಕೊಯ್ಯುವುದು.
ವಜ್ರದ ಅಲಗು. ಕೂದಲಿನ ಸಾವಿರದೊಂದು ಪಾಲು ದಪ್ಪದ ಹೋಳು
ನೀರಿನ ಮೇಲೆ ತೇಲುತ್ತದೆ.
ಬೆಳ್ಳಿ ಬಣ್ಣ ಹೊಳೆದರೆ ಸರಿ,
ನೇರಳೆಯಾದರೆ ಕೈ ನಡುಗಿದೆ ಎಂದರ್ಥ.
ನಾಲ್ಕು ಸಲ ನೇರಳೆಯಾಯಿತು.

ಸರೋವರದ ದಂಡೆಯ ಕುಣಿತದ ಚಾವಡಿ ನೆನಪಿದೆಯಾ?
ಹನ್ನೊಂದು ಗಂಟೆಗೂ ಹೋಗಲೊಲ್ಲದ ಜುಲೈ ಬೆಳಕು,
ಈ ಗೋಡೆಗೆ ಹೆಂಗಸರು, ಆ ಗೋಡೆಗೆ ಗಂಡಸರು,
ಅಕಾರ್ಡಿಯನ್ ಉಸಿರೆಳೆದುಕೊಳ್ಳುವಷ್ಟರಲ್ಲಿ
ಯಾರು ಯಾರ ಕೈ ಹಿಡಿಯಬೇಕೋ ಹಿಡಿದಾಗಿರುತ್ತಿತ್ತು.
ಅಮ್ಮನಿಗೆ ಆಗ ನಲವತ್ತಾರು.
ಟ್ಯಾಂಗೋದ ನಡುವೆ ಒಂದು ಹೆಜ್ಜೆ ತಪ್ಪಿದಳು.
‘ಬೂಟು ಬಿಗಿ’ ಅಂದಳು.
ಮುಂದಿನ ಶನಿವಾರ ಎಡಗಾಲು ಎಳೆಯಿತು.
ಸಿಲ್ವಿ ಕುಡಿದಿದ್ದಾಳೆ ಅಂದರು ಊರವರು.
ಅಪ್ಪ ಅಲ್ಲವೆನ್ನಲಿಲ್ಲ.
ಕುಡಿತವಾದರೆ ಬಿಡಿಸಬಹುದಲ್ಲ.

ಈಗ ಅದಕ್ಕೊಂದು ಹೆಸರಿದೆ.
ರಕ್ತನಾಳದ ಸ್ನಾಯುಕೋಶ, ಅದಕ್ಕೊಂದು ಪೊರೆ,
ಪೊರೆಯಿಂದ ಹೊರಗೆ ಕತ್ತು ಚಾಚಿದ ಪ್ರೋಟೀನು, ನಾಚ್ ಮೂರು.
ಹೊಸ್ತಿಲಲ್ಲಿ ನಿಂತು ಪಕ್ಕದ ಮನೆಯ ಸುದ್ದಿ
ಒಳಗೆ ಮುಟ್ಟಿಸುವವಳ ಹಾಗೆ.
ಮೂವತ್ತನಾಲ್ಕು ಮಣಿಗಳ ಸರ ಅವಳ ಕತ್ತು.
ಮಣಿಯೊಂದಕ್ಕೆ ಆರು ಸಿಸ್ಟೀನು:
ಆರು ಜನ, ಮೂರು ಜೋಡಿ,
ಗಂಧಕದ ಕೈಯೊಳಗೆ ಗಂಧಕದ ಕೈ.
ನಮ್ಮ ಮನೆತನದ ಒಂದು ಮಣಿಯಲ್ಲಿ ಮಾತ್ರ
ಏಳನೆಯವನೊಬ್ಬ.

ಅವನದೇನೂ ತಪ್ಪಿಲ್ಲ. ಒಂದಕ್ಷರ ಜಾರಿ
ಇನ್ಯಾರದೋ ಜಾಗದಲ್ಲಿ ನಿಂತವನು.
ಅಜ್ಜ ಕಳಿಸಿದ್ದು; ಅಜ್ಜನಿಗೆ ಅವನ ತಾಯಿ.
ಅವನಿಗೂ ಕುಣಿಯಬೇಕು.
ಖಾಲಿ ಕೈ ಚಾಚಿ ಸಿಕ್ಕವರನ್ನು ಹಿಡಿಯುತ್ತಾನೆ,
ಹಾಡು ಮುಗಿದರೂ ಬಿಡುವುದಿಲ್ಲ.
ಹಿಡಿದವರು, ಹಿಡಿಸಿಕೊಂಡವರು ಗಂಟುಗಂಟಾಗಿ
ನಾಳದ ಗೋಡೆಯಲ್ಲೇ ಕೂತುಬಿಡುತ್ತಾರೆ.
ಗೋಡೆ ದಪ್ಪ, ದಾರಿ ಕಿರಿದು.
ಮೆದುಳಿನ ಆಳದಲ್ಲಿ ಸಾಸಿವೆಯಷ್ಟು ಜಾಗ ಸಾಯುತ್ತದೆ,
ಕೆಲವು ವರ್ಷ ಬಿಟ್ಟು ಅದರ ಪಕ್ಕದ ಸಾಸಿವೆ.
ಪಾರ್ಶ್ವವಾಯು ಎಂದರೆ ಸಿಡಿಲು ಅನ್ನುತ್ತಾರೆ ಜನ.
ನಮ್ಮ ಮನೆಯದು ಕಂತಿನ ಲೆಕ್ಕ.

ಭಾನುವಾರ ಫೋನಿನಲ್ಲಿ ನಗುತ್ತಾ ಹೇಳಿದೆ:
ತಲೆನೋವಿಗೆ ಮುಂಚೆ ಕಣ್ಣಂಚಿನಲ್ಲಿ ಬೆಳ್ಳಿಯ ಗರಗಸ,
ದೋಣಿಯ ಮೋಟಾರಿಗಿಂತ ಚೆನ್ನಾಗಿ ತಿರುಗುತ್ತದೆ ಅಂತ.
ನಾನೂ ನಕ್ಕೆ.
ಗುರುವಾರ, ಐದನೆಯ ಹೋಳಿನಲ್ಲಿ,
ಕೋಶದ ಮಗ್ಗುಲಲ್ಲೇ, ಕಪ್ಪು ಕಣಗಳು.
ಎಣಿಸಿದೆ. ಎಣಿಸುವುದೂ ನನ್ನ ಕೆಲಸ.
‘ಕಂಡುಬಂದಿವೆ’ ಎಂದು ಬರೆದು ಸಹಿ ಹಾಕಿದೆ.

ನನ್ನ ಅರ್ಜಿ ಇನ್ನೂ ಡ್ರಾಯರಿನಲ್ಲೇ ಇದೆ.
ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ ಅಂದರು ಡಾಕ್ಟರು.
ಚಿಮ್ಮಿದ್ದು ಐವತ್ತೊಂದು ವರ್ಷದ ಹಿಂದೆ;
ಬಿದ್ದಾಗಿದೆ, ಅಂಗೈ ಎತ್ತಿ ನೋಡಿಲ್ಲ ಅಷ್ಟೆ.

ಹದಿನೈದರ ನಾನು ಆ ಗೋಡೆಗೆ ಒರಗಿ
ರಾತ್ರಿಯಿಡೀ ಪರ್ಸಿನ ಗುಂಡಿ ತೆಗೆದು ಹಾಕುತ್ತಿದ್ದಾಗ
ಇರ್ಯಾಳ ಕೈ ಬಿಟ್ಟು ಬಂದವನು ನೀನು.
ಮೂರು ಹಾಡು ಕುಣಿಸಿದೆ, ಆರು ಸಲ ಕಾಲು ತುಳಿದೆ.

ವರದಿ ನಿನಗೆ ಸೋಮವಾರ ಸಿಗುತ್ತದೆ.
ನಾನು ಶನಿವಾರವೇ ಬರುತ್ತೇನೆ.
ಚಾವಡಿಗೆ ಹೋಗೋಣ, ಈ ಸಲ ಕರೆಯುವವಳು ನಾನು.
ಹೆಜ್ಜೆ ತಪ್ಪಿದರೆ ತಪ್ಪಲಿ.
ಬೂಟು ಬಿಗಿ ಅನ್ನಬೇಡ.