ಇತರೆ

ಐದು ಬಣ್ಣ ಆರಿಸಲು ಹನ್ನೊಂದು ದಿನ ಹಿಡಿಯಿತು ನನಗೆ.
ರೀಗಾದ ಅಂಕಿಅಂಶ ಕಚೇರಿ, ಮೂರನೇ ಮಹಡಿ,
ಕಿಟಕಿಯಾಚೆ ಹೆಪ್ಪುಗಟ್ಟಿದ ನದಿ,
ಪರದೆಯ ಮೇಲೆ ಒಂದು ದುಂಡು ರೊಟ್ಟಿ,
ಜನಗಣತಿಯದು. ಕೊಯ್ದು ಹಂಚಬೇಕು.

ಕೆಂಪನ್ನು ಲಾಟ್ವಿಯನ್ನರಿಗೆ ಕೊಟ್ಟರೆ ಬಾವುಟ ಬೀಸಿದ ಹಾಗೆ,
ರಷ್ಯನ್ನರಿಗೆ ಕೊಟ್ಟರೆ ಹಳೆಯ ಗಾಯ ಕೆರೆದ ಹಾಗೆ.
ಹಳದಿ ಬಿಳಿ ಕಾಗದದಲ್ಲಿ ಕರಗಿಹೋಗುತ್ತದೆ.
ಹಸಿರು ಕಂದು ಒತ್ತೊತ್ತಿಗೆ ಬಂದರಂತೂ
ನಮ್ಮ ಆರ್ವೀಡ್ಸ್‌ನ ಕಣ್ಣಿಗೆ ಎರಡೂ ಒಂದೇ ಕೆಸರು.
ಹಾಳೆಯನ್ನು ಮೂಗಿನ ತನಕ ತಂದು
“ಗಡಿ ಎಲ್ಲಿದೆ, ಜಾಯ್ಗಾ?” ಅನ್ನುತ್ತಾನೆ.
ತಮಾಷೆಯೋ ಅಲ್ಲವೋ ತಿಳಿಯುವುದಿಲ್ಲ.
ಒಂದು ತುಸು ಗಾಢವಾದರೆ ಅವರೇ ಹೆಚ್ಚೆಂದು ಕಾಣುತ್ತದೆ,
ತುಸು ತಿಳಿಯಾದರೆ ದೂರು ಬರುತ್ತದೆ.

ಕೊನೆಗೆ ಕೂತವು: ಕಡುನೀಲಿ, ಇಟ್ಟಿಗೆ, ಸಾಸಿವೆ, ಬದನೆ, ಬಾನು.
ಉಳಿದವರಿಗೆ?
ಮುಖ್ಯಸ್ಥೆ ಕೋಟು ತೊಡುತ್ತ ಹೇಳಿದಳು:
“ಇತರೆ ತಾನೆ, ಬೂದು ಹಾಕು.”

ಇತರೆ ತಾನೆ.
ಮಾಜಿರ್ಬೆಯ ಕಡಲಂಚಿನಲ್ಲಿ ಬಲೆಯ ಹರಕು ಹೆಣೆಯುತ್ತ
ನನ್ನ ಸೋದರತ್ತೆ ಹೆರ್ಮೀನೆ ಅದರೊಳಗೇ ಇದ್ದಾಳೆ.
ಅವಳದು ಲಿವ್ ಮಾತು. ಅದರಲ್ಲಿ ಈಗ ಬಯ್ಯುವುದು ಬೆಕ್ಕನ್ನು;
ಬೆಕ್ಕಿಗೆ ಅರ್ಥವಾಗುತ್ತದೆ.

ಎಲ್ಲರೂ ಹೋದ ಮೇಲೆ, ಕದ್ದು,
ಅವಳ ಜನಕ್ಕೆಂದೇ ಒಂದು ಹೋಳು ಕೊಯ್ದೆ.
ಬಿರುಗಾಳಿಯ ಮರುದಿನ ಅಲೆ ತಂದೆಸೆಯುವ
ಅಂಬರಿನ ಹೊಂಬಣ್ಣ ತುಂಬಿದೆ.
ಕಾಣಲಿಲ್ಲ.
ಹೋಳು ಹೋಳಿನ ನಡುವಿನ ಬಿಳಿ ಗೆರೆ
ಹೋಳಿಗಿಂತ ದಪ್ಪ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಇವರು ಲೆಕ್ಕಕ್ಕುಂಟು, ಕಣ್ಣಿಗಿಲ್ಲ.

ಅಳಿಸಿದೆ. ಬೂದುಬಣ್ಣಕ್ಕೇ ಮರಳಿದೆ.
ಆದರೆ ಯಂತ್ರ ತಾನಾಗಿ ಕೊಡುವ ಬೂದಲ್ಲ,
ಒಲೆಯಲ್ಲಿ ಎಲ್ಲ ಉರಿದು ಉಳಿಯುವುದೂ ಅಲ್ಲ.
ಅತ್ತೆಯ ಮನೆಯ ಫೋಟೋ ತೆರೆದು
ಬಾಗಿಲ ಪಕ್ಕದ ಹಲಗೆಯ ಮೇಲೆ ಬಾಣದ ಮೊನೆ ಇಟ್ಟೆ.
ಎಂಬತ್ತು ಚಳಿಗಾಲ ಉಪ್ಪುಗಾಳಿ ಕುಡಿದ ಪೈನ್ ಮರ.
ಒಂದು ಚುಕ್ಕೆಯಷ್ಟು ಹೀರಿಕೊಂಡೆ.

ನಿನ್ನೆ ಮುದ್ರಣಾಲಯದಿಂದ ಫೋನು:
“ನಿಮ್ಮ ಬೂದಿನಲ್ಲಿ ನೀಲಿ ಬೆರೆತಿದೆ ಮೇಡಂ,
ಕೈತಪ್ಪಿ ಬಿದ್ದಿರಬೇಕು. ತೆಗೆಯಲೇ?”
ಬೇಡ ಅಂದೆ.
“ಶಾಯಿ ಜಾಸ್ತಿ ಹಿಡಿಯುತ್ತದೆ.”
ಹಿಡಿಯಲಿ.